ಅರ್ಧ ಕಟ್ಟಿದ ರೇಸ್ ಕಾರು ಮತ್ತು ನಮ್ಮ ಪಾಠೋಪಕರಣಗಳು

ಅಭ್ಯಾಸ ಬೋಧನೆಯ ದಿನಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಶಾಲೆಗೆ ತರುವ ಮಾದರಿಗಳಲ್ಲಿ ಎರಡು ಬಗೆ. ಒಂದು, ಅವರೇ ರಟ್ಟು, ಥರ್ಮೊಕೋಲು ಕತ್ತರಿಸಿ ಮಾಡಿದ್ದು. ಇನ್ನೊಂದು, ಹಿಂದಿನ ಸಂಜೆ ಅಂಗಡಿಯಿಂದ ಕೊಂಡು ತಂದದ್ದು. ಈಚೆಗೆ ಎರಡನೆಯದೇ ಹೆಚ್ಚು. ಅದರ ಅಂಚು ಓರಣ, ಬಣ್ಣ ಹೊಳಪು. ತರಗತಿಯಲ್ಲಿ ಎತ್ತಿ ಹಿಡಿದಾಗ ಮಕ್ಕಳು "ಚೆನ್ನಾಗಿದೆ ಮಿಸ್" ಅನ್ನುತ್ತಾರೆ. ಆಮೇಲೆ ಮಾದರಿ ಮೇಜಿನ ಮೇಲೆ ಕೂರುತ್ತದೆ, ಪಾಠ ಕರಿಹಲಗೆಯ ಮೇಲೆ ಮುಂದುವರಿಯುತ್ತದೆ. ಮಾದರಿಯನ್ನು ನೋಡಿದ ಮಗು ಪ್ರಶ್ನೆ ಕೇಳುವುದು ಯಾವಾಗ? ಈ ವಿಷಯದಲ್ಲಿ ನನಗೆ ಹೆಚ್ಚು ತಿಳಿಸಿಕೊಟ್ಟದ್ದು, ರಾತ್ರಿಯ ಬಿಡುವಿನಲ್ಲಿ ನಾನು ಕಟ್ಟುತ್ತಿದ್ದ ಒಂದು ಹಳೆಯ ರೇಸ್ ಕಾರಿನ ಮಾದರಿ. ಆ ಅನುಭವವನ್ನು ಇಲ್ಲಿ ಬರೆದಿದ್ದೇನೆ.

ಕಾರಿನ ಹೆಸರು ಲೋಟಸ್ 49. ಇಂಗ್ಲೆಂಡಿನ ಲೋಟಸ್ ತಂಡಕ್ಕಾಗಿ ಕಾಲಿನ್ ಚಾಪ್‌ಮನ್ ಮತ್ತು ಮಾರಿಸ್ ಫಿಲಿಪ್ ವಿನ್ಯಾಸ ಮಾಡಿದ ಫಾರ್ಮುಲಾ ಒನ್ ಕಾರು ಇದು. 1967ರ ಜೂನ್ 4ರಂದು ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ಸ್ಪರ್ಧೆಗೆ ಇಳಿಯಿತು. ಆ ಮೊದಲ ರೇಸನ್ನೇ ಜಿಮ್ ಕ್ಲಾರ್ಕ್ ಅದರಲ್ಲಿ ಗೆದ್ದರು. ಇಂಜಿನ್ ಕೂಡ ಹೊಸದು. ಫೋರ್ಡ್ ಕಂಪನಿಯ ಹಣದ ನೆರವಿನಿಂದ ಕಾಸ್ವರ್ತ್ ಸಂಸ್ಥೆಯ ಕೀತ್ ಡಕ್‌ವರ್ತ್ ರೂಪಿಸಿದ, ಎಂಟು ಸಿಲಿಂಡರಿನ, ಮೂರು ಲೀಟರಿನ ಡಿಎಫ್‌ವಿ. ಮುಂದೆ ಬೇರೆ ತಂಡಗಳೂ ಇದನ್ನು ಕೊಂಡವು. 1983ರವರೆಗೆ ಈ ಇಂಜಿನ್ ಒಟ್ಟು 155 ವಿಶ್ವ ಚಾಂಪಿಯನ್‌ಷಿಪ್ ರೇಸ್‌ಗಳನ್ನು ಗೆದ್ದಿತು.

ನಾನು ಕಟ್ಟಿದ್ದು 1:20 ಪ್ರಮಾಣದ ಪ್ಲಾಸ್ಟಿಕ್ ಕಿಟ್. ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡೇ ಬರುತ್ತವೆ. ಒಂದೊಂದನ್ನೇ ಕತ್ತರಿಸಿ, ಕತ್ತರಿಸಿದ ಗಂಟನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿ, ಚಿಮುಟದಲ್ಲಿ ಹಿಡಿದು ಅಂಟಿಸಬೇಕು. ಜೊತೆಗೆ ಬರುವ ಪುಸ್ತಿಕೆಯ ಹಂತಗಳನ್ನು ಅನುಸರಿಸಿದರೆ ಕಾರು ಆಗುತ್ತದೆ. ಆದರೆ ಅದು ನಿಜವಾದ ಕಾರಿನ ಹಾಗೆ ಕಾಣಬೇಕಾದರೆ ಪುಸ್ತಿಕೆಯಲ್ಲಿ ಇಲ್ಲದ ಕೆಲಸ ಬಹಳ ಇರುತ್ತದೆ. ಕಲಿಕೆ ಶುರುವಾಗುವುದೂ ಅಲ್ಲಿಂದಲೇ.

ಎಲ್ಲವೂ ಇಪ್ಪತ್ತರಲ್ಲಿ ಒಂದು ಆಗುವುದಿಲ್ಲ

ಮೊದಲು ಲೆಕ್ಕ ಸುಲಭವಾಗಿ ಕಾಣುತ್ತದೆ. ನಿಜವಾದ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 2.4 ಮೀಟರ್ ಅಂತರ. ಮಾದರಿಯಲ್ಲಿ ಅದು 12 ಸೆಂಟಿಮೀಟರ್. ಇಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳಿಗೆ ಹೋಗುವ ವೈರು ಸುಮಾರು 7 ಮಿಲಿಮೀಟರ್ ದಪ್ಪ ಎಂದುಕೊಂಡರೆ ಮಾದರಿಗೆ ಬೇಕಾದದ್ದು 0.35 ಮಿಲಿಮೀಟರ್. ಕಿಟ್‌ನಲ್ಲಿ ಈ ವೈರುಗಳು ಇರಲಿಲ್ಲ. ಹಳೆಯ ಚಾರ್ಜರಿನ ವೈರು ಬಿಡಿಸಿ, ಒಳಗಿನ ತಾಮ್ರದ ಎಳೆಗಳನ್ನು ಹೊಸೆದು, ಸ್ಕ್ರೂ ಗೇಜಿನಲ್ಲಿ ಅಳೆದು, ಸರಿಹೋಗುವವರೆಗೆ ಎಳೆ ಸೇರಿಸುತ್ತಾ ತೆಗೆಯುತ್ತಾ ಎಂಟು ವೈರು ಮಾಡಿದೆ. ವಿಜ್ಞಾನ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜಿನ ಪ್ರಯೋಗವನ್ನು ಎಷ್ಟೋ ಬಾರಿ ಮಾಡಿಸಿದ್ದರೂ, ಅದರ ಅಳತೆ ನಿಜವಾಗಿ ಬೇಕಾಗುವ ಕೆಲಸ ಹೀಗೆ ಎದುರಾದದ್ದು ಅಪರೂಪ.

ಮುಂದೆ ಹೋದಂತೆ ಇಪ್ಪತ್ತರ ಲೆಕ್ಕ ಕೈಕೊಡುತ್ತದೆ. ಕಾರಿನ ಮೇಲಿನ ಬಣ್ಣದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದು ಇಟ್ಟುಕೊಳ್ಳಿ. ಮಾದರಿಯಲ್ಲಿ ಅದು ಇನ್ನೂರನೇ ಒಂದು ಭಾಗ ಆಗಬೇಕು. ಅಷ್ಟು ತೆಳುವಾಗಿ ಬಣ್ಣ ಹಚ್ಚಲು ನಮ್ಮಿಂದ ಆಗುವುದಿಲ್ಲ. ಕುಂಚದಿಂದ ಧಾರಾಳವಾಗಿ ಬಳಿದರೆ, ನಿಜವಾದ ಕಾರಿಗೆ ಒಂದು ಮಿಲಿಮೀಟರಿಗೂ ಮೀರಿ ಗಾರೆ ಮೆತ್ತಿದ ಹಾಗೆ! ತಗಡಿನ ಜೋಡಣೆಯ ಗೆರೆಗಳು ತುಂಬಿಹೋಗುತ್ತವೆ, ಸಾಲು ರಿವೆಟ್‌ಗಳು ಮುಳುಗಿಹೋಗುತ್ತವೆ. ಆದ್ದರಿಂದ ಏರ್‌ಬ್ರಷ್ಷಿನಿಂದ ಮಂಜಿನಂತೆ ಸಿಂಪಡಿಸಿ, ಒಣಗಿಸಿ, ಮತ್ತೆ ಸಿಂಪಡಿಸಬೇಕು.

ಕಾರಿನ ಮೈ ತಗಡಿನದೂ ಇದೇ ಕಥೆ. ಲೋಟಸ್ 49ರ ಮುಂಭಾಗ ಅಲ್ಯೂಮಿನಿಯಂ ತಗಡಿನ ಒಂದು ತೊಟ್ಟಿ. ಚಾಲಕ ಅದರೊಳಗೆ ಮಲಗಿದಂತೆ ಕೂರುತ್ತಾನೆ. ಅವನ ಎರಡು ಪಕ್ಕೆಗಳಲ್ಲೂ ಬೆನ್ನ ಹಿಂದೆಯೂ ಪೆಟ್ರೋಲು. ತಗಡಿನ ದಪ್ಪ ಎರಡು ಮಿಲಿಮೀಟರೂ ಇಲ್ಲ. ಕಿಟ್‌ನ ಪ್ಲಾಸ್ಟಿಕ್ ಗೋಡೆ ಒಂದು ಮಿಲಿಮೀಟರ್ ಇದ್ದರೆ, ಅದು ನಿಜದ ಕಾರಿನಲ್ಲಿ ಎರಡು ಸೆಂಟಿಮೀಟರ್ ದಪ್ಪದ ಹಲಗೆಯ ಹಾಗೆ ಕಾಣುತ್ತದೆ. ಇಡೀ ಗೋಡೆಯನ್ನು ತೆಳುವಾಗಿಸಲು ಹೋದರೆ ಮುರಿಯುತ್ತದೆ. ಅನುಭವಸ್ಥರ ಉಪಾಯ ಬೇರೆ: ಚಾಲಕ ಕೂರುವ ಬಾಯಿಯ ಅಂಚನ್ನು ಮಾತ್ರ ಒಳಗಿನಿಂದ ಅರದಲ್ಲಿ ಉಜ್ಜುತ್ತಾ ಬಂದು ಕಾಗದದಷ್ಟು ತೆಳು ಮಾಡುವುದು. ಕಣ್ಣು ಬೀಳುವುದು ಆ ಅಂಚಿನ ಮೇಲೆ. ಅಲ್ಲಿ ಸರಿಯಾಗಿದ್ದರೆ ನೋಡುವವರು ಉಳಿದುದನ್ನೂ ತೆಳು ಎಂದೇ ಗ್ರಹಿಸುತ್ತಾರೆ.

ಮಾದರಿ ಎಂದರೆ ಹೀಗೆ ಆಯ್ಕೆಗಳ ಸರಣಿ. ಎಲ್ಲಿ ಅಳತೆಗೆ ನಿಷ್ಠರಾಗಿರಬೇಕು, ಎಲ್ಲಿ ಬಿಡಬೇಕು ಎಂದು ಮಾಡುವವರು ಪ್ರತಿ ಹೆಜ್ಜೆಗೂ ತೀರ್ಮಾನಿಸುತ್ತಿರುತ್ತಾರೆ. ನಮ್ಮ ತರಗತಿಗಳಿಗೆ ಬರುವ ಸೌರಮಂಡಲದ ಮಾದರಿಯನ್ನೇ ನೋಡಿ. ಭೂಮಿಯನ್ನು ಒಂದು ಸೆಂಟಿಮೀಟರಿನ ಗುಂಡು ಮಾಡಿದರೆ, ಸೂರ್ಯನಿಗೆ ಒಂದು ಮೀಟರಿಗಿಂತ ಹೆಚ್ಚು ಅಡ್ಡಳತೆ ಬೇಕು, ಎರಡರ ನಡುವೆ ಸುಮಾರು 117 ಮೀಟರ್ ದೂರ ಬೇಕು. ಶಾಲೆಯ ಮೈದಾನವೂ ಸಾಲದಾಗಬಹುದು. ಥರ್ಮೊಕೋಲಿನ ಹಲಗೆಯ ಮೇಲೆ ಅಳತೆ ಕೈಬಿಡಲೇಬೇಕು. ಅದು ತಪ್ಪಲ್ಲ. ಆದರೆ ಕೈಬಿಟ್ಟಿದ್ದೇವೆ ಎಂಬುದು ಪ್ರಶಿಕ್ಷಣಾರ್ಥಿಗೆ ಗೊತ್ತಿರಬೇಕು, ಮಕ್ಕಳಿಗೆ ಹೇಳಬೇಕು. ಅಂಗಡಿಯಿಂದ ತಂದ ಮಾದರಿಯಲ್ಲಿ ಆ ತೀರ್ಮಾನಗಳನ್ನೆಲ್ಲ ಬೇರೆಯವರು ಮಾಡಿರುತ್ತಾರೆ, ಶಿಕ್ಷಕರಿಗೆ ಅವು ಕಾಣುವುದೇ ಇಲ್ಲ.

ಬಿಟ್ಟ ಜಾಗವೂ ಒಂದು ವಿವರ

ಹಳೆಯ ಕಾರು ಕಟ್ಟುವವರು ಮೊದಲು ಒಂದು ದಿನವನ್ನು ಆರಿಸಿಕೊಳ್ಳಬೇಕು. ಒಂದೇ ಲೋಟಸ್ 49 ಎರಡು ವರ್ಷಗಳಲ್ಲಿ ಬೇರೆಬೇರೆ ರೂಪ ತಾಳಿತು. 1967ರಲ್ಲಿ ಅದಕ್ಕೆ ಹಸಿರು ಮೈ, ನಡುವೆ ಹಳದಿ ಪಟ್ಟಿ. ಹಸಿರು ಬ್ರಿಟನ್ನಿನ ರೇಸ್ ಕಾರುಗಳ ಬಣ್ಣ, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ ಇದ್ದ ಹಾಗೆ. 1968ರಲ್ಲಿ ಅದೇ ಕಾರು ಸಿಗರೇಟ್ ಜಾಹೀರಾತಿನ ಕೆಂಪು, ಬಿಳಿ, ಚಿನ್ನದ ಬಣ್ಣಕ್ಕೆ ತಿರುಗಿತು. ಆ ವರ್ಷವೇ ಅದಕ್ಕೆ ರೆಕ್ಕೆಗಳೂ ಬಂದವು. ನಾನು ಆರಿಸಿದ್ದು ಜಾಂಡ್‌ವೋರ್ಟ್‌ನ ಆ ಜೂನ್ ದಿನವನ್ನು: ಹಸಿರು, ರೆಕ್ಕೆ ಇಲ್ಲ, ಮೈಮೇಲೆ 5 ಎಂಬ ಅಂಕೆ.

ವಿವರ ತುಂಬುವಾಗ ಸೀಟಿಗೆ ಬೆಲ್ಟ್ ಹಾಕುವ ಆಸೆ ಯಾರಿಗೂ ಬರುತ್ತದೆ. ಸಣ್ಣ ಬಕಲು, ಬಟ್ಟೆಯ ಪಟ್ಟಿ ಇಟ್ಟರೆ ಒಳಭಾಗ ತುಂಬಿದಂತೆ ಕಾಣುತ್ತದೆ, ನೋಡಿದವರು ಮೆಚ್ಚುತ್ತಾರೆ. ಆದರೆ 1967ರ ಈ ಕಾರಿನಲ್ಲಿ ಬೆಲ್ಟ್ ಇರಲಿಲ್ಲ. ಆ ಕಾಲದ ಬಹುಪಾಲು ಚಾಲಕರು ಬೆಲ್ಟ್ ಕಟ್ಟುತ್ತಿರಲಿಲ್ಲ; ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾದದ್ದು 1972ರಲ್ಲಿ. ಎರಡೂ ಪಕ್ಕದಲ್ಲಿ ಪೆಟ್ರೋಲು, ತೆಳು ತಗಡು, ಬೆಲ್ಟ್ ಇಲ್ಲದ ಸೀಟು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಫಾರ್ಮುಲಾ ಟು ರೇಸಿನಲ್ಲಿ ಜಿಮ್ ಕ್ಲಾರ್ಕ್ ಇನ್ನೊಂದು ಲೋಟಸ್ ಕಾರಿನಲ್ಲಿ ಹೋಗುತ್ತಿದ್ದಾಗ, ಅದು ದಾರಿ ಬಿಟ್ಟು ಮರಗಳಿಗೆ ಬಡಿಯಿತು. ಅವರು ತೀರಿಕೊಂಡರು. ನನ್ನ ಮಾದರಿಯಲ್ಲಿ ಸೀಟನ್ನು ಬರಿದಾಗಿಯೇ ಬಿಟ್ಟೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ತೋರಿಸಿ, ಕೋಟೆಯ ಮಾದರಿಗೋ ಹಳೆಯ ಊರಿನ ಮಾದರಿಗೋ ಅಂದಕ್ಕಾಗಿ ಏನನ್ನೂ ಸೇರಿಸಬೇಡಿ ಎಂದು ಹೇಳುತ್ತಿರುತ್ತೇನೆ. ಇಲ್ಲದ್ದನ್ನು ಇಲ್ಲವೆಂದು ತೋರಿಸಿದಾಗ ಮಕ್ಕಳು "ಯಾಕೆ ಇಲ್ಲ?" ಎಂದು ಕೇಳಬಹುದು.

ಎರಡು ತುಂಡಾಗಿ ತರಗತಿಗೆ ಹೋದ ಕಾರು

ಮಾದರಿ ಅರ್ಧ ಆಗಿದ್ದಾಗ, ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಯ ಪಾಠಕ್ಕೆ ಅದನ್ನು ಕೇಳಿದರು. ಹಸಿರು ತೊಟ್ಟಿ ಒಂದು ಕಡೆ, ಹಿಂದಿನ ಚಕ್ರಗಳ ಸಮೇತ ಇಂಜಿನ್ ಇನ್ನೊಂದು ಕಡೆ. ಎರಡೂ ಇನ್ನೂ ಸೇರಿರಲಿಲ್ಲ. "ಜೋಡಿಸಿ ಕೊಡ್ತೀರಾ ಸರ್?" ಎಂದರು. ಇರುವ ಹಾಗೇ ಕೊಟ್ಟೆ.

ಪಾಠದ ವಿಷಯ ಘನಫಲ. ಆ ಕಾಲದ ನಿಯಮದ ಪ್ರಕಾರ ಕಾರಿನ ತೂಕ 500 ಕಿಲೋಗ್ರಾಂಗಿಂತ ಕಡಿಮೆ ಇರುವಂತಿರಲಿಲ್ಲ. ಎಲ್ಲ ಅಳತೆಗಳನ್ನೂ ಇಪ್ಪತ್ತರಲ್ಲಿ ಒಂದು ಮಾಡಿ, ಅದೇ ಲೋಹಗಳಿಂದ ಕಟ್ಟಿದರೆ ತೂಕ ಎಷ್ಟು? ತರಗತಿ ಒಕ್ಕೊರಲಿನಿಂದ "25 ಕೆಜಿ" ಎಂದಿತು. ಅವರು ಏನೂ ಹೇಳದೆ ಎರಡೂ ತುಂಡುಗಳನ್ನು ಒಬ್ಬ ಹುಡುಗಿಯ ಅಂಗೈಯಲ್ಲಿಟ್ಟರು. 25 ಕೆಜಿ ಎಂದರೆ ಒಂದು ಅಕ್ಕಿ ಚೀಲ. ಇದು ಲೋಹದ್ದೇ ಆಗಿದ್ದರೂ ಅಕ್ಕಿ ಚೀಲದಷ್ಟು ಭಾರ ಆಗಲು ಸಾಧ್ಯವೇ? ಮಕ್ಕಳು ಗಣಿತದ ಕಿಟ್ಟಿನ ಸಣ್ಣ ಘನಗಳನ್ನು ಜೋಡಿಸಿ ನೋಡಿದರು. ಬದಿ ಎರಡಾದರೆ ಘನಗಳು ಎಂಟು, ಮೂರಾದರೆ ಇಪ್ಪತ್ತೇಳು. ಹಾಗಾದರೆ ಇಪ್ಪತ್ತಾದರೆ 8000. ಐದು ಲಕ್ಷ ಗ್ರಾಂ ಅನ್ನು 8000ದಿಂದ ಭಾಗಿಸಿ 62.5 ಗ್ರಾಂಗೆ ಬಂದರು. ಅಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು.

ಆಗ ಒಬ್ಬ ಹುಡುಗ ಎದ್ದು ಕೇಳಿದ: "ಮಿಸ್, ಇದಕ್ಕೆ ಚಾಸಿ ಎಲ್ಲಿ?" ಹೆದ್ದಾರಿಯಲ್ಲಿ ಮೈ ಇಲ್ಲದೆ ಬರಿ ಚಾಸಿಯಲ್ಲಿ ಓಡುವ ಹೊಸ ಲಾರಿಗಳನ್ನು ಅವನು ನೋಡಿದ್ದ. ಮುಂದಿನಿಂದ ಹಿಂದಿನವರೆಗೆ ಎರಡು ಉದ್ದ ತೊಲೆ, ಅದರ ಮೇಲೆ ಇಂಜಿನ್, ಅದರ ಕೆಳಗೆ ಚಕ್ರ. ಇಲ್ಲಿ ತೊಲೆಯೇ ಇಲ್ಲ. ಪ್ರಶಿಕ್ಷಣಾರ್ಥಿ ಎರಡು ತುಂಡುಗಳನ್ನು ಎದುರುಬದುರು ಹಿಡಿದು ತೋರಿಸಿದರು. ತೊಟ್ಟಿ ಚಾಲಕನ ಬೆನ್ನ ಹಿಂದೆ ಮುಗಿದುಹೋಗುತ್ತದೆ. ಇಂಜಿನ್ ನಾಲ್ಕು ಕಡೆ ಬೋಲ್ಟುಗಳಿಂದ ಅದಕ್ಕೆ ಕಚ್ಚಿಕೊಳ್ಳುತ್ತದೆ, ಕೆಳಗೆ ಎರಡು, ಮೇಲೆ ಎರಡು. ಇಂಜಿನ್ ಕಾದು ಹಿಗ್ಗಿದಾಗ ತೊಟ್ಟಿಯನ್ನು ಜಗ್ಗದಿರಲೆಂದು ಮೇಲಿನ ಎರಡಕ್ಕೆ ಬಾಗುವ ತೆಳು ಪಟ್ಟಿಗಳು. ಇಂಜಿನ್ನಿಗೆ ಗೇರ್‌ಬಾಕ್ಸ್, ಅವುಗಳಿಗೇ ಹಿಂದಿನ ಚಕ್ರಗಳು. ಹಿಂದಿನ ಚಕ್ರದ ಹೊರೆಯನ್ನೆಲ್ಲ ಇಂಜಿನ್ನೇ ಹೊರುತ್ತದೆ. ಈ ಪ್ರಯತ್ನ ಅದಕ್ಕೂ ಮುಂಚೆ ಕೆಲವು ರೇಸ್ ಕಾರುಗಳಲ್ಲಿ ನಡೆದಿತ್ತು. ಲೋಟಸ್ 49 ಗೆದ್ದ ಮೇಲೆ ರೇಸ್ ಕಾರುಗಳಲ್ಲಿ ಅದೇ ರೂಢಿಯಾಯಿತು.

"ಹಂಗಾದ್ರೆ ಇಂಜಿನ್ ಬಿಚ್ಚಿದ್ರೆ ಗಾಡಿ ಎರಡು ಭಾಗ" ಎಂದ ಹುಡುಗ. ತುಸು ಯೋಚಿಸಿ ಸೇರಿಸಿದ: "ನಮ್ಮ ಟ್ರ್ಯಾಕ್ಟರ್ ಥರ. ಕ್ಲಚ್ ಪ್ಲೇಟ್ ಹಾಕೋವಾಗ ನಡುವಿಗೆ ಬಿಚ್ಚಿ ಎರಡು ಮಾಡ್ತಾರೆ."

ಅವನು ಹೇಳಿದ್ದು ಪೂರಾ ಸರಿ. ಬಹುಪಾಲು ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸೆಲ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನೆಲುಬಾಗುತ್ತವೆ. 1917ರಲ್ಲಿ ತಯಾರಾಗತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರೂ ಹೀಗೇ ಇತ್ತು. ಲೋಟಸ್ ಕಾರಿಗೆ ಐವತ್ತು ವರ್ಷ ಮೊದಲಿನ ಮಾತು. ತರಗತಿಯಲ್ಲಿ ಟ್ರ್ಯಾಕ್ಟರ್ ಇರುವ ಮನೆಯ ಮಕ್ಕಳೆಲ್ಲ ಮಾತಾಡತೊಡಗಿದರು. ಯಾರದೋ ಟ್ರ್ಯಾಕ್ಟರ್ ಕೆಳಗೆ ಜಾಕ್ ಎಲ್ಲಿ ಕೊಟ್ಟಿದ್ದರು, ಎರಡು ಭಾಗ ಮಾಡಿದಾಗ ಮುಂಭಾಗ ಯಾಕೆ ಬೀಳಲಿಲ್ಲ ಎಂಬ ವಾದ ನಡೆಯುತ್ತಿದ್ದಾಗ ಗಂಟೆ ಹೊಡೆಯಿತು.

ಅಂಕ ಯಾವ ಕಾಲಮ್ಮಿನಲ್ಲಿ?

ಪ್ರಶಿಕ್ಷಣಾರ್ಥಿ ಹೊರಗೆ ಬಂದು ಕೇಳಿದ ಮೊದಲ ಮಾತು: "ಮೌಲ್ಯಮಾಪನದ ಹಂತ ಆಗ್ಲಿಲ್ಲ ಸರ್. ಅಂಕ ಹೋಗುತ್ತಾ?" ಜೊತೆಗೆ ಅವಲೋಕಿಸುತ್ತಿದ್ದ ಶಾಲೆಯ ಮಾರ್ಗದರ್ಶಕ ಶಿಕ್ಷಕರ ಅಭಿಪ್ರಾಯವೂ ಅದೇ. ಪಾಠ ಅಪೂರ್ಣ, ಮನೆಗೆಲಸ ಕೊಟ್ಟಿಲ್ಲ, ಗಣಿತದ ಪಾಠ ಟ್ರ್ಯಾಕ್ಟರಿಗೆ ಹೋಯಿತು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಲವತ್ತು ನಿಮಿಷದೊಳಗೆ ಪಾಠ ಮುಗಿಸುವುದೂ ಕಲಿಯಬೇಕಾದ ಕೌಶಲವೇ. ನಾಳೆ ಆ ತರಗತಿಯನ್ನು ಮುಂದುವರಿಸಬೇಕಾದವರು ಅವರೇ. ಸಮಯ ನಿರ್ವಹಣೆಯಲ್ಲಿ ನಾನೂ ಅಂಕ ಕಡಿಮೆ ಕೊಟ್ಟೆ. ಪಾಠೋಪಕರಣದ ಬಳಕೆಯಲ್ಲಿ ಪೂರ್ತಿ ಅಂಕ ಕೊಟ್ಟು, ಷರಾ ಬರೆದೆ: ಮಾದರಿಯಿಂದ ಮಗುವಿಗೆ ಪ್ರಶ್ನೆ ಹುಟ್ಟಿತು, ಆ ಪ್ರಶ್ನೆಗೆ ಮಗುವಿನ ಮನೆಯ ಅನುಭವದಿಂದ ಉತ್ತರ ಬಂತು.

ನಮ್ಮ ಅವಲೋಕನ ಪತ್ರದಲ್ಲಿ "ಮಾದರಿ ಆಕರ್ಷಕವಾಗಿದೆಯೇ?" ಎಂಬ ಸಾಲು ಇದೆ. "ಮಾದರಿಯನ್ನು ಬಿಡಿಸಿ ನೋಡಬಹುದೇ?" ಎಂಬ ಸಾಲು ಇಲ್ಲ. ಪ್ರಶಿಕ್ಷಣಾರ್ಥಿಗಳು ಅಂಗಡಿಗೆ ಓಡುವುದಕ್ಕೆ ಅವರ ಸೋಮಾರಿತನವೊಂದೇ ಕಾರಣವಲ್ಲ. ನಾವು ಯಾವುದಕ್ಕೆ ಅಂಕ ಇಡುತ್ತೇವೋ ಅದನ್ನು ಅವರು ತರುತ್ತಾರೆ. ಹೃದಯದ ಮಾದರಿಯಾದರೆ ಒಂದು ಗೋಡೆ ತೆರೆಯುವಂತಿರಲಿ, ಅಣೆಕಟ್ಟಾದರೆ ಗೇಟು ಏಳುವಂತಿರಲಿ, ಏನನ್ನು ಅಳತೆಗೆ ತಕ್ಕಂತೆ ಮಾಡಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿರಲಿ. ಅಂಚು ಸ್ವಲ್ಪ ಡೊಂಕಾದರೆ ಅಡ್ಡಿಯಿಲ್ಲ.

ಕಾರು ಈಗ ಪೂರ್ತಿಯಾಗಿದೆ. ಎಂಟು ವೈರು, ಹಳದಿ ಪಟ್ಟಿ, 5ರ ಅಂಕೆ ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ತೊಟ್ಟಿಗೂ ಇಂಜಿನ್ನಿಗೂ ಸೇರುವ ನಾಲ್ಕು ಕಡೆ ಮಾತ್ರ ಅಂಟು ಹಾಕಿಲ್ಲ, ಸಣ್ಣ ಪಿನ್ನುಗಳನ್ನು ಸಿಗಿಸಿದ್ದೇನೆ. ಗಣಿತ ಬೋಧನಾ ವಿಭಾಗದ ಕಪಾಟಿನಲ್ಲಿದೆ. ಪಾಠಕ್ಕೆ ಬೇಕಾದವರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು.