ಉರುಳಿಕಾಂಚನದ ಹಾದಿಯಲ್ಲಿ

ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರ ಗದ್ದುಗೆಯ ದರ್ಶನ ಪಡೆದು, ಪುಣೆಯ ಮಾರ್ಗವಾಗಿ ನಾವು ಉರುಳಿಕಾಂಚನಕ್ಕೆ ತೆರಳಿದೆವು. ಸಂಗಡ ಶಿಷ್ಯ ದಂಪತಿಗಳಿದ್ದರು. ಮದುವೆಯಾಗಿ ಏಳು ವರ್ಷವಾದರೂ ಮಡಿಲು ತುಂಬಿರಲಿಲ್ಲ.

1946ರಲ್ಲಿ ಮಹಾತ್ಮ ಗಾಂಧೀಜಿಯವರು ಸ್ಥಾಪಿಸಿದ ನಿಸರ್ಗೋಪಚಾರ ಆಶ್ರಮವಿದು. ಮಣ್ಣಿನ ಪಟ್ಟಿ, ತೊಟ್ಟಿಸ್ನಾನ, ಮಿತಾಹಾರ, ಯೋಗಾಸನಗಳೇ ಇಲ್ಲಿಯ ಉಪಚಾರ. ಅಂಡಾಶಯದ ಹಾರ್ಮೋನುಗಳು ಏರುಪೇರಾಗಿ ಮೈತೂಕ ಹೆಚ್ಚಿದವರಲ್ಲಿ ಶೇಕಡ 5ರಿಂದ 10ರಷ್ಟು ತೂಕ ಇಳಿದರೂ ಋತುಚಕ್ರ ಸರಿಹೋಗಬಹುದು.

ಆ ಮಗಳಿಗೆ ಥೈರಾಯ್ಡ್ ಕೊರತೆಯೂ ಇತ್ತು. ಆಶ್ರಮಕ್ಕೆ ಬಂದ ಹುರುಪಿನಲ್ಲಿ ವೈದ್ಯರ ಗುಳಿಗೆಯನ್ನು ಬಿಡಲು ಹೊರಟಳು, ನಾವು ತಡೆದೆವು. ಆ ಕೊರತೆಯನ್ನು ಮಣ್ಣು ತುಂಬಲಾರದು. ದೋಷ ಹೆಣ್ಣಿನಲ್ಲೇ ಇರಬೇಕೆಂದಿಲ್ಲವೆಂದು ತಿಳಿಹೇಳಿದಾಗ ಪತಿಯೂ ತಪಾಸಣೆಗೆ ಒಪ್ಪಿದನು.

ಸಂತಾನವಾಗಲಿ, ಆಗದಿರಲಿ, ಬಂಜೆಯೆಂಬ ಮಾತು ಶರಣರ ಮನೆಯಲ್ಲಿ ಸಲ್ಲದು. ಇಷ್ಟಲಿಂಗವನ್ನು ಹಿಡಿದ ಅಂಗೈ ಎಂದಿಗೂ ಬರಿದಲ್ಲ.