ತಟ್ಟೆಯ ಮಾಂಸ, ಗದ್ದೆಯ ಹಂದಿ

ಸಿಂಗಪುರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳು ಸುಲಭವಾಗಿ ಊಹಿಸಿಯಾರು) ಈಚೆಗೆ ಒಂದು ದೀರ್ಘವಾದ ಮಿಂಚಂಚೆ ಬರೆದಿದ್ದಾನೆ. 2024ರಲ್ಲಿ ಅಲ್ಲಿನ ಮಾಂಸದಂಗಡಿಯೊಂದರಲ್ಲಿ, ಕೋಳಿಯನ್ನು ಕೊಲ್ಲದೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಳಿಮಾಂಸವನ್ನು ಕೊಂಡು ತಿಂದನಂತೆ. ಅವನ ಸಹೋದ್ಯೋಗಿಯೊಬ್ಬ ಅಮೆರಿಕದವನು. ಪ್ರತಿ ವರ್ಷ ಊರಿಗೆ ಹೋಗಿ ಒಂದು ಜಿಂಕೆಯನ್ನು ಬೇಟೆಯಾಡಿ, ಆ ಮಾಂಸವನ್ನು ಶೀತಪೆಟ್ಟಿಗೆಯಲ್ಲಿಟ್ಟು ತಿನ್ನುವವನು. ತಾನೇ ಕೊಂದು ತಿನ್ನುವುದೇ ಪ್ರಾಮಾಣಿಕವಾದ ಮಾಂಸಾಹಾರ ಎಂಬುದು ಆತನ ವಾದ. ಇಬ್ಬರಿಗೂ ಊಟದ ವೇಳೆಯಲ್ಲಿ ದಿನಗಟ್ಟಲೆ ಚರ್ಚೆಯಾಗಿದೆ. "ಮೇಷ್ಟ್ರೇ, ನೀವು ಜೀವಶಾಸ್ತ್ರ ಕಲಿಸಿದವರು, ಬೇಟೆಯ ಊರಿನಲ್ಲಿ ಹುಟ್ಟಿದವರು. ತೀರ್ಪು ಹೇಳಿ" ಎಂದು ಕೇಳಿದ್ದಾನೆ.

ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ ಪಾಠ ಹೇಳುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲವಾದ್ದರಿಂದ ಮೊದಲು ವಿಜ್ಞಾನವನ್ನು ನೋಡೋಣ.

ಜೀವಂತ ಪ್ರಾಣಿಯಿಂದ ಚಿಟಿಕೆಯಷ್ಟು ಅಂಗಾಂಶವನ್ನು ತೆಗೆದು, ಅದರೊಳಗಿನ ಕೋಶಗಳನ್ನು ಸಕ್ಕರೆ, ಅಮೈನೋ ಆಮ್ಲ, ಲವಣಗಳಿರುವ ದ್ರವದಲ್ಲಿ ಹಾಕಿ, ದೇಹದ ಉಷ್ಣತೆಯಲ್ಲಿಟ್ಟು ಬೆಳೆಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆ ಎಂದುಕೊಳ್ಳಿ. ಆದರೆ ಮೊಸರಿಗಿರುವ ಗಟ್ಟಿತನ ಈ ಕೋಶಗಳಿಗಿಲ್ಲ. ಪ್ರಾಣಿಯ ದೇಹದಲ್ಲಿದ್ದಾಗ ರೋಗನಿರೋಧಕ ಶಕ್ತಿ ಅವುಗಳನ್ನು ಕಾಯುತ್ತಿತ್ತು. ಉಕ್ಕಿನ ತೊಟ್ಟಿಯಲ್ಲಿ ಕಾಯುವವರಿಲ್ಲ. ಒಂದು ಬ್ಯಾಕ್ಟೀರಿಯಾ ಹೊಕ್ಕರೂ ಇಡೀ ತೊಟ್ಟಿ ಹಾಳು. ಆದ್ದರಿಂದ ಔಷಧಿ ಕಾರ್ಖಾನೆಯ ಮಟ್ಟದ ಶುಚಿತ್ವ ಬೇಕು, ಶುಚಿತ್ವಕ್ಕೂ ಉಷ್ಣತೆಗೂ ವಿದ್ಯುತ್ತು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಪರಿಸರಕ್ಕಾಗುವ ಲಾಭವನ್ನು ಅದೇ ನುಂಗಿಹಾಕಬಲ್ಲದು. ಬಿಸಿಲು ಗಾಳಿಗಳಿಂದ ಬಂದರೆ ಲೆಕ್ಕ ಬೇರೆ. ಮೊದಮೊದಲು ಕೋಶಗಳ ಪೋಷಣೆಗೆ ಬಳಸುತ್ತಿದ್ದುದು, ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವಿನ ರಕ್ತದ ಸಾರವನ್ನು! ಕೊಲ್ಲದ ಮಾಂಸಕ್ಕೆ ಹುಟ್ಟದ ಕರುವಿನ ರಕ್ತ. ಈ ವಿಪರ್ಯಾಸವನ್ನು ವಿಜ್ಞಾನಿಗಳೂ ಅರಿತಿದ್ದರು. ಆ ಸಾರವಿಲ್ಲದೆ ಬೆಳೆಸಿದ ಕೋಳಿಮಾಂಸಕ್ಕೆ ಸಿಂಗಪುರವು 2023ರಲ್ಲಿ ಅನುಮತಿ ನೀಡಿತು.

ಈ ವಿದ್ಯೆ ಮನೆಮಾತಾದದ್ದು 2013ರಲ್ಲಿ. ನೆದರ್ಲೆಂಡ್ಸಿನ ಮಾರ್ಕ್ ಪೋಸ್ಟ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಇಂಥ ದನದ ಮಾಂಸದ ಬರ್ಗರನ್ನು ಜನರೆದುರಿಗೆ ಬೇಯಿಸಿ ತೋರಿಸಿದರು. ಆ ಒಂದೇ ಬರ್ಗರಿಗೆ ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಯೂರೋ. 2020ರಲ್ಲಿ ಸಿಂಗಪುರ, 2023ರಲ್ಲಿ ಅಮೆರಿಕ ಮಾರಾಟಕ್ಕೆ ಅನುಮತಿ ಕೊಟ್ಟವು. ಇಟಲಿ 2023ರಲ್ಲಿಯೇ ನಿಷೇಧಿಸಿತು. ನಮ್ಮ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವೂ ಅದೇ ಊರಿನ ಮಾಂಸ ಸಂಶೋಧನಾ ಕೇಂದ್ರವೂ ಸೇರಿ 2019ರಲ್ಲಿ ಕೈಹಾಕಿದ ಸಂಶೋಧನೆಗೆ ಪತ್ರಿಕೆಗಳು 'ಅಹಿಂಸಾ ಮಾಂಸ' ಎಂದೇ ಹೆಸರಿಟ್ಟವು. ನನ್ನ ಶಿಷ್ಯ ತಿಂದ ಪೊಟ್ಟಣದ ವಿಷಯ ಹೇಳಲೇಬೇಕು: ಅದರಲ್ಲಿ ಬೆಳೆಸಿದ ಕೋಳಿಯ ಅಂಶ ನೂರಕ್ಕೆ 3 ಮಾತ್ರ, ಉಳಿದದ್ದು ಹೆಚ್ಚಿನಂಶ ಸಸ್ಯಮೂಲದ್ದು. ಅಷ್ಟಕ್ಕೆ ಇಷ್ಟೊಂದು ವಾಗ್ವಾದ ಮಾಡಿದೆಯಲ್ಲಪ್ಪಾ ಎಂದು ನಗು ಬಂದಿತು.

ಆದರೆ ಆ ಮೂರು ಪಾಲನ್ನು ಹಗುರವಾಗಿ ಕಾಣಬಾರದು. ಜಗತ್ತಿನಲ್ಲಿ ವರ್ಷಕ್ಕೆ 7000 ಕೋಟಿಗೂ ಹೆಚ್ಚು ಕೋಳಿಗಳನ್ನು ಕೊಲ್ಲುತ್ತಾರೆ. ಅವುಗಳಲ್ಲಿ ಬಹುಪಾಲು ಆರೇಳು ವಾರ ಬದುಕಿ, ಒಮ್ಮೆಯೂ ಮಣ್ಣು ಕೆದಕದೆ ಸಾಯುತ್ತವೆ. ತೊಟ್ಟಿಯ ಮಾಂಸವು ಅದರಲ್ಲೊಂದು ಪಾಲನ್ನು ತಪ್ಪಿಸುವುದಾದರೆ ನಾನು ಅದನ್ನು ಗೌರವಿಸುತ್ತೇನೆ.

ಇನ್ನು ಬೇಟೆ. ನಾನು ಹುಟ್ಟಿದ್ದು ಮಲೆನಾಡಿನ ಮಾಂಸಾಹಾರಿ ಮನೆಯಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ಮುಂಚಿನ ಷಿಕಾರಿಗಳನ್ನು ಕಣ್ಣಾರೆ ಕಂಡವನು. ಮಳೆ ಬಿಡುವು ಕೊಟ್ಟಾಗ ಊರಿನ ಗಂಡಸರೆಲ್ಲ ಕೋವಿ, ಕತ್ತಿ, ನಾಯಿಗಳೊಡನೆ ಹೊರಡುತ್ತಿದ್ದರು. ಕಾಡನ್ನು ಬಡಿದು ಕೂಗುತ್ತ ಹಂದಿಯನ್ನು ಎಬ್ಬಿಸುವವರು ಒಂದು ಕಡೆ, ಕೋವಿ ಹಿಡಿದು ಉಸಿರು ಬಿಗಿಹಿಡಿದು ಕಾಯುವವರು ಇನ್ನೊಂದು ಕಡೆ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಬೇಟೆಯಲ್ಲ, ಪಾಲು. ಬಾಳೆಲೆಯ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಿದ್ದರು. ಗುಂಡು ಹೊಡೆದವನಿಗೆ ಒಂದು ಹೆಚ್ಚಿನ ಪಾಲು. ನಾಯಿಗಳಿಗೆ ಒಂದು ಪಾಲು. ಬೇಟೆಗೆ ಕಳುಹಿಸಲು ಮನೆಯಲ್ಲಿ ಗಂಡಸೇ ಇಲ್ಲದ ಅಜ್ಜಿಯೊಬ್ಬರಿಗೂ ಒಂದು ಪಾಲು. ಅಂದು ರಾತ್ರಿ ಊರಿನ ಎಲ್ಲ ಮನೆಗಳಲ್ಲಿಯೂ ಕಡುಬು ಬೇಯುತ್ತಿತ್ತು.

ಕೊಲ್ಲುವವನಿಗೂ ಸಾಯುವ ಪ್ರಾಣಿಗೂ ಇರುವ ಸಂಬಂಧವನ್ನು ನಮ್ಮ ನಾಡು ಬಹಳ ಹಿಂದೆಯೇ ಗುರುತಿಸಿತ್ತು. ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ಕಲ್ಲನ್ನು ಪಾಠದಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಗಂಗರ ಬೂತುಗನು ತನ್ನ ಕಡೆಯ ವೀರ ಮಣಲರನಿಗೆ 'ಏನು ಬೇಕು ಕೇಳು' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದರೊಡನೆ ಕಾದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಶಿಲ್ಪದಲ್ಲಿ ನಾಯಿಯಷ್ಟೇ ಗಾತ್ರದ ಗೌರವ ಹಂದಿಗೂ ದೊರೆತಿದೆ.

ಹಾಗಾದರೆ ಅಮೆರಿಕದ ಮಿತ್ರ ಹೇಳುವುದೇ ಸರಿಯೇ? ಲೆಕ್ಕ ಒಪ್ಪುವುದಿಲ್ಲ. ಭೂಮಿಯ ಮೇಲಿನ ಸಸ್ತನಿಗಳನ್ನೆಲ್ಲ ತೂಗಿದರೆ ನೂರರಲ್ಲಿ ಸುಮಾರು 60 ಪಾಲು ಸಾಕುಪ್ರಾಣಿಗಳು, 36 ಪಾಲು ಮನುಷ್ಯರು, ತಿಮಿಂಗಿಲವೂ ಸೇರಿದಂತೆ ಕಾಡುಮೃಗಗಳು ಬರಿಯ 4 ಪಾಲು ಎಂದು 2018ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಈ ನಾಲ್ಕು ಪಾಲನ್ನು ಪ್ರಾಮಾಣಿಕವಾಗಿ ತಿನ್ನಲು ಹೊರಟರೆ ಎಷ್ಟು ದಿನ ಬಂದೀತು? ಇನ್ನೊಂದು ವಿಷಯ. ಆತನ ಊರಿನ ಬಹಳಷ್ಟು ಕಡೆ ತೋಳಗಳನ್ನು ಕೊಂದು ಮುಗಿಸಿ, ಜಿಂಕೆ ಹೆಚ್ಚಿ, ಮನುಷ್ಯನೇ ತೋಳದ ಕೆಲಸ ಮಾಡಬೇಕಾಗಿ ಬಂದಿದೆ. ನಮ್ಮಲ್ಲಿ ತೋಳದ ಕೆಲಸ ಮಾಡಲು ಹುಲಿ, ಚಿರತೆ, ಸೀಳುನಾಯಿ ಇನ್ನೂ ಇವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು, ಅಷ್ಟು ಒದಗಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು ಎಂದು ನಾಗರಹೊಳೆಯಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ತಿಳಿಸಿದ್ದಾರೆ. ನಾವು ಕಡವೆಯ ಪಾಲು ಕೇಳಿದರೆ ಹುಲಿಯ ಪಾಲಿನಿಂದಲೇ ಕೊಡಬೇಕು. 1972ರ ಕಾಯಿದೆ ಅಗತ್ಯವಾಗಿತ್ತು; ನನಗೆ ಆ ವಿಷಯದಲ್ಲಿ ಸಂದೇಹವಿಲ್ಲ.

ಇಷ್ಟಾದರೂ ಇಬ್ಬರ ಚರ್ಚೆಯಲ್ಲಿಯೂ ನಮ್ಮ ಊರು ಎಲ್ಲಿಯೂ ಕಾಣಿಸಲಿಲ್ಲ. ಇಬ್ಬರೂ ತಟ್ಟೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ: ಏನು ತಿಂದರೆ ಪಾಪ ಕಡಿಮೆ? ನನ್ನ ಚಿಕ್ಕಪ್ಪನ ಮಗ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಊರಿನಲ್ಲೇ ಉಳಿದು ಬೇಸಾಯ ಮಾಡುತ್ತಿರುವವನು, ಕೇಳುವುದು ಗದ್ದೆಯ ಪ್ರಶ್ನೆಯನ್ನು. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಒಂದು ರಾತ್ರಿ ಇಳಿದರೆ ಸಾಕು. ತಿಂದದ್ದಕ್ಕಿಂತ ಹೊರಳಾಡಿ ಕೆಡಿಸಿದ್ದೇ ಹೆಚ್ಚು. ಸಿಂಗಪುರದ ತೊಟ್ಟಿಯಲ್ಲಿ ಎಷ್ಟು ಮಾಂಸ ಬೆಳೆದರೂ ಆ ಹಿಂಡಿನಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಬೇಟೆ ನಿಂತಿತೆಂದ ಮಾತ್ರಕ್ಕೆ ಕೊಲೆ ನಿಂತಿಲ್ಲ. ಮುಖ ಮರೆಸಿಕೊಂಡಿದೆ, ಅಷ್ಟೇ. ಬೈಕಿನ ಬ್ರೇಕ್ ತಂತಿಯಿಂದ ಮಾಡಿದ ಉರುಳನ್ನು ಬೇಲಿಯ ಕಂಡಿಯಲ್ಲಿ ಕಟ್ಟುತ್ತಾರೆ. ಹಂದಿಗೆಂದು ಕಟ್ಟಿದ್ದಕ್ಕೆ ಚಿರತೆ ಸಿಕ್ಕಿಬೀಳುತ್ತದೆ. ಬೇಲಿಗೆ ಕಳ್ಳ ವಿದ್ಯುತ್ತು ಹರಿಸುತ್ತಾರೆ. ಆನೆ ಸಾಯುತ್ತದೆ, ಕೆಲವೊಮ್ಮೆ ಕಟ್ಟಿದವನೇ ಸಾಯುತ್ತಾನೆ. ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಡುತ್ತಾರೆ. ಕೆಲವು ವರ್ಷಗಳ ಹಿಂದೆ ಯಾರೋ ಇಟ್ಟ ಅಂಥ ಉಂಡೆಯನ್ನು ನನ್ನ ತಮ್ಮನ ಗಬ್ಬದ ಹಸು ಮೇಯುವಾಗ ಕಚ್ಚಿತು. ಕೆಳದವಡೆಯೇ ಹೋಗಿತ್ತು. ಮೂರು ದಿನ ಬದುಕಿತ್ತು. ಬಾಯಾರಿಕೆಯಿಂದ ಬಾನಿಯ ಬಳಿಗೆ ಬಂದು, ಕುಡಿಯಲಾರದೆ ನಿಲ್ಲುತ್ತಿತ್ತು. ನಾನು ಹುಡುಗನಾಗಿ ಕಂಡ ಯಾವ ಬೇಟೆಯಲ್ಲಿಯೂ ಇಂಥದನ್ನು ನೋಡಿರಲಿಲ್ಲ. ಕೋವಿ ಹಿಡಿದವನು ಎದುರಿಗೆ ನಿಂತಿರುತ್ತಿದ್ದ. ಉರುಳು ಕಟ್ಟಿದವನು ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ.

ಕಾನೂನು ಸಂಪೂರ್ಣವಾಗಿ ಬಾಗಿಲು ಮುಚ್ಚಿಲ್ಲ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಅನುಮತಿ ಪಡೆದು ಕೊಲ್ಲಲು ಅವಕಾಶವಿದೆ. ಕೇರಳ ಸರ್ಕಾರವು 2022ರಲ್ಲಿ ಆ ಅನುಮತಿ ನೀಡುವ ಅಧಿಕಾರವನ್ನು ಪಂಚಾಯಿತಿ, ಪುರಸಭೆಗಳ ಮುಖ್ಯಸ್ಥರಿಗೇ ವಹಿಸಿತು. ಆದರೆ ಹಾಗೆ ಕೊಂದ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು. ಒಂದು ದೇಶದಲ್ಲಿ ಕೋಟಿಗಟ್ಟಲೆ ಹಣ ಸುರಿದು ಕೊಲ್ಲದ ಮಾಂಸವನ್ನು ಬೆಳೆಸುತ್ತಾರೆ, ಇನ್ನೊಂದೆಡೆ ಕೊಂದ ಮಾಂಸವನ್ನು ಗುಂಡಿ ತೋಡಿ ಮುಚ್ಚುತ್ತಾರೆ. ಕಾರಣ ನನಗೆ ಅರ್ಥವಾಗುತ್ತದೆ: ತಿನ್ನಲು ಬಿಟ್ಟರೆ ನಾಳೆ ಮಾರಲು ತೊಡಗುತ್ತಾರೆ, ಬೆಳೆ ಹಾಳಾಗದಿದ್ದರೂ ಹಾಳಾಯಿತೆಂದು ಅರ್ಜಿ ಬರುತ್ತದೆ. ಆದರೂ ಬಾಳೆಲೆಯ ಮೇಲೆ ಪಾಲು ಹಾಕುತ್ತಿದ್ದುದನ್ನು ನೋಡಿದ ನನ್ನ ಮನಸ್ಸು ಆ ಗುಂಡಿಯನ್ನು ಒಪ್ಪುವುದಿಲ್ಲ. ಗದ್ದೆಗಾಗಿ ಸಾಯಲೇಬೇಕಾದ ಪ್ರಾಣಿ, ನುರಿತವನ ಒಂದೇ ಗುಂಡಿಗೆ, ಎಲ್ಲರಿಗೂ ತಿಳಿಯುವಂತೆ ಸಾಯಲಿ; ಆ ಮಾಂಸ ಮಾರಾಟಕ್ಕಿಲ್ಲದೆ, ಬೆಳೆ ಕಳೆದುಕೊಂಡ ಊರಿನಲ್ಲಿಯೇ ಪಾಲಾಗಲಿ ಎನ್ನುವುದು ನನ್ನ ಅಭಿಪ್ರಾಯ. ಪಟ್ಟಣದ ತಟ್ಟೆಗೆ ತೊಟ್ಟಿಯ ಕೋಳಿ ಬರುವುದಾದರೆ ಅದೂ ಬರಲಿ. ಒಂದಕ್ಕೆ ಇನ್ನೊಂದು ಉತ್ತರವಲ್ಲ. ಇದನ್ನು ಒಪ್ಪದವರು ನಿಮ್ಮಲ್ಲಿ ಅನೇಕರಿದ್ದೀರಿ, ಅರಣ್ಯ ಇಲಾಖೆಯಲ್ಲಿರುವ ಇಬ್ಬರು ಶಿಷ್ಯರಂತೂ ಖಂಡಿತ ಬರೆಯುತ್ತಾರೆ. ಬರೆಯಿರಿ.

ನನ್ನ ತಮ್ಮನಂತೂ ಕಾಯುತ್ತ ಕೂರಲಿಲ್ಲ. ಮನೆಯ ಕೆಳಗಿನ ಮೂರು ಗದ್ದೆಗಳಲ್ಲಿ ಎರಡಕ್ಕೆ ಕಳೆದ ವರ್ಷ ಅಡಿಕೆ ಸಸಿ ನೆಟ್ಟಿದ್ದಾನೆ. ಉಳಿದ ಒಂದನ್ನು ಮಾತ್ರ, ಹೊಸತಿನ ಹಬ್ಬಕ್ಕೆ ಮನೆಯ ಕದಿರೇ ಆಗಬೇಕೆಂದು ಚಿಕ್ಕಮ್ಮ ಹಟ ಹಿಡಿದಿದ್ದರಿಂದ, ಭತ್ತಕ್ಕೇ ಬಿಟ್ಟಿದ್ದಾನೆ. ರಾತ್ರಿ ಅಲ್ಲಿಗೆ ಕಾವಲು ಹೋಗುತ್ತಾನೆ, ಕೈಯಲ್ಲಿ ಒಂದು ಟಾರ್ಚು, ಬಡಿಯಲು ಒಂದು ಖಾಲಿ ಎಣ್ಣೆಡಬ್ಬ.