ಬ್ರಷ್ ಮೇಲಿನ ರಕ್ತ

ಮೂರನೇ ಇಂಟರ್ನಲ್ಸ್ ವಾರ. ಹಲ್ಲುಜ್ಜುವಾಗ ನಮ್ಮ ರೂಮ್‌ಮೇಟ್‌ನ ವಸಡಿನಿಂದ ರಕ್ತ ಬರ್ತಿತ್ತು. "ಪೇಸ್ಟ್ ಬದಲಾಯಿಸೋ" ಅಂದ್ವಿ. ಕಾಲ ಮೇಲೆ ನೀಲಿ ಕಲೆಗಳಿದ್ದವು. ಕ್ರಿಕೆಟ್ ಬಾಲ್ ಬಡಿದಿರಬೇಕು ಅಂದುಕೊಂಡ್ವಿ, ಅವನೂ ಹಾಗೇ ಅಂದುಕೊಂಡಿದ್ದ. ಪರೀಕ್ಷೆ ಮುಗೀಲಿ, ಆಮೇಲೆ ಡಾಕ್ಟರ್ ಅಂತ ನಾಲ್ಕು ದಿನ ಕಳೆದೆವು. ಆ ನಾಲ್ಕು ದಿನದ ಬಗ್ಗೆ ನಾವು ಮೂವರೂ ಈಗಲೂ ಜಾಸ್ತಿ ಮಾತಾಡೋದಿಲ್ಲ.

ಪ್ಲೇಟ್‌ಲೆಟ್ 18 ಸಾವಿರ ಬಂತು. ಕನಿಷ್ಠ ಒಂದೂವರೆ ಲಕ್ಷ ಇರಬೇಕಾದದ್ದು. ಹಾಸ್ಟೆಲ್‌ನಲ್ಲಿ ಎಲ್ಲರೂ ಡೆಂಗೀ ಅಂದರು, ಯಾರೋ ಪಪ್ಪಾಯಿ ಎಲೆ ರಸ ತಂದೇ ಬಿಟ್ಟರು. ಸಂಜೆ ಹೊತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು: ಎಪಿಎಲ್. ರಕ್ತದ ಕ್ಯಾನ್ಸರ್‌ನಲ್ಲೇ ಒಂದು ಬಗೆ.

ರಕ್ತ ನಿಲ್ಲದ ಕಾಯಿಲೆ ಅಂದ್ರೆ ನಮಗೆ ಗೊತ್ತಿದ್ದದ್ದು ಪಿಯುಸಿಯ ಹಿಮೋಫಿಲಿಯಾ ಪಾಠ, ಹುಟ್ಟಿನಿಂದ ಬರೋದು. ಇವನಿಗೆ ಬಂದದ್ದು ಕ್ಯಾನ್ಸರ್ ತಂದದ್ದು. ಆ ಕೋಶಗಳಿಂದಾಗಿ ರಕ್ತನಾಳಗಳೊಳಗೆ ಬೇಡದ ಕಡೆಯೆಲ್ಲ ಸಣ್ಣ ಸಣ್ಣ ಹೆಪ್ಪು ಕಟ್ಟುತ್ತೆ. ಫೈಬ್ರಿನೊಜೆನ್, ಪ್ಲೇಟ್‌ಲೆಟ್ ಎಲ್ಲ ಅಲ್ಲೇ ಖರ್ಚು. ಮೇಲಿಂದ, ಹೆಪ್ಪು ಕರಗಿಸುವ ವ್ಯವಸ್ಥೆಯೂ ಅತಿಯಾಗಿ ಓಡುತ್ತೆ. ನಿಜವಾಗಿ ಬೇಕಾದಾಗ ಸ್ಟಾಕ್ ಖಾಲಿ. (ಮೆಮೊರಿ ಲೀಕ್ ಥರ ಅಂದ್ರು ಸಿಎಸ್‌ನವರು. ಪೂರ್ತಿ ಸರಿಯಲ್ಲ, ಆದ್ರೂ ಅರ್ಥ ಆಯ್ತು.) ಮೊದಲ ದಿನಗಳಲ್ಲಿ ಡಾಕ್ಟರ್‌ಗಳು ಹೆದರೋದು ಮಿದುಳಿನ ರಕ್ತಸ್ರಾವಕ್ಕೆ. ಅದಕ್ಕೇ ಪೂರ್ತಿ ರಿಪೋರ್ಟ್‌ಗೆ ಕಾಯದೆ, ಅನುಮಾನ ಬಂದ ಕೂಡಲೇ ಆಟ್ರಾ ಅನ್ನೋ ಕ್ಯಾಪ್ಸೂಲ್ ಶುರು ಮಾಡ್ತಾರೆ. ಎ ವಿಟಮಿನ್‌ನ ನೆಂಟ ಅದು.

ನಮ್ಮ ಪಾಲಿಗೆ ಬಂದದ್ದು ಪ್ಲೇಟ್‌ಲೆಟ್ ಹೊಂದಿಸೋ ಕೆಲಸ. ಮಷಿನ್ ನಮ್ಮ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಉಳಿದದ್ದನ್ನ ವಾಪಸ್ ಕೊಡುತ್ತೆ. ಒಂದೂವರೆ ಗಂಟೆ ಹಿಡೀತು, ತುಟಿ ಜುಮ್ ಅಂತು, ಅಷ್ಟೇ. ಆ ಚೀಲವನ್ನ ಫ್ರಿಡ್ಜಿನಲ್ಲಿ ಇಡೋ ಹಾಗಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸ್ತಾ ಇಡಬೇಕು, ಅದೂ ಸುಮಾರು ಐದೇ ದಿನ. ಹಾಗಾಗಿ ಒಂದೇ ದಿನ ಇಪ್ಪತ್ತು ಜನ ಓಡಿಬಂದು ಪ್ರಯೋಜನ ಇಲ್ಲ. ಎಕ್ಸೆಲ್ ಶೀಟ್ ಮಾಡಿ ದಿನಕ್ಕೆ ಇಬ್ಬರಂತೆ ಕಳಿಸಿದ್ವಿ. ನಮ್ಮಲ್ಲೊಬ್ಬ ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿ ಹೋಗಿ ವಾಪಸ್ ಬಂದ. ಮೂರು ದಿನ ಬಿಟ್ಟು ಬಾ ಅಂದ್ರಂತೆ.

ಹಾವೇರಿಯಿಂದ ಬಂದಿದ್ದ ಅವರಪ್ಪ ಬ್ಲಡ್ ಬ್ಯಾಂಕ್ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ "ಊಟ ಆತೇನಪ್ಪಾ?" ಅಂತಿದ್ರು. ಅವರು ಉಂಡಿದ್ರಾ ಅಂತ ನಾವ್ಯಾರೂ ಕೇಳಲಿಲ್ಲ.

ಈಗ ಆರ್ಸೆನಿಕ್ ಡ್ರಿಪ್ ನಡೀತಿದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮೆತ್ತನೆ ಬ್ರಷ್ ಎತ್ತಿ ತೋರಿಸಿದ. "ನೋಡ್ರಲೇ, ಬೆಳ್ಳಗೈತಿ."